ಮುಟ್ಟುಕಾಡಿನಲ್ಲಿ ಇಳಕಲ್ಲಿನ ಮನೆ

ಚೆನ್ನೈನಿಂದ ಈಸ್ಟ್ ಕೋಸ್ಟ್ ರೋಡಿನಲ್ಲಿ ಮಹಾಬಲಿಪುರದ ಕಡೆ ಹೊರಟರೆ ಮುಟ್ಟುಕಾಡಿನಲ್ಲಿ ದಕ್ಷಿಣಚಿತ್ರ ಸಿಗುತ್ತದೆ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿರುವ ವಸ್ತುಸಂಗ್ರಹಾಲಯ; 1996ರಲ್ಲಿ ತೆರೆದದ್ದು. ಕಳೆದ ಭಾನುವಾರ ಆಫೀಸಿನ ಗೆಳೆಯರ ಜೊತೆ ಹೋಗಿದ್ದೆ. ಚೆಟ್ಟಿನಾಡು, ಕೇರಳದ ಮನೆಗಳನ್ನು ದಾಟಿ ಕರ್ನಾಟಕದ ಭಾಗಕ್ಕೆ ಬಂದವನು ನಿಂತೇಬಿಟ್ಟೆ. ಇಳಕಲ್ಲಿನ ನೇಕಾರರ ಕಲ್ಲಿನ ಮನೆ! ಹುನಗುಂದದ ಹತ್ತಿರದ ನಮ್ಮ ಹಳ್ಳಿಯ ಮನೆಯನ್ನೇ ಎತ್ತಿ ತಂದಿಟ್ಟಂತೆ ಅನಿಸಿತು.

ಗೆಳೆಯರಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಸೀಮೆಯಲ್ಲಿ ಒಂದು ಗೋಡೆ ಎಂದರೆ ಎರಡು ಗೋಡೆ: ಒಳಗೊಂದು ಹೊರಗೊಂದು ಕಲ್ಲಿನ ಸಾಲು, ನಡುವೆ ಮಣ್ಣು, ಕಲ್ಲಿನ ಚೂರು. ಎರಡಡಿಗೂ ಮಿಕ್ಕಿದ ದಪ್ಪ. ಕಿಟಕಿ ಇಲ್ಲವೆಂದೇ ಹೇಳಬಹುದು, ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಬೀಳಬೇಕು. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಬಹುದು. ನೇಕಾರರಿಗಂತೂ ಈ ತಂಪು ಬೇಕೇ ಬೇಕು. ಕುಣಿಮಗ್ಗ ನೆಲದೊಳಗೆ ಇಳಿದಿರುತ್ತದೆ. ನೆಲದ ತೇವಕ್ಕೆ ಹತ್ತಿಯ ಎಳೆ ಬೇಗ ಹರಿಯುವುದಿಲ್ಲ.

ಕಷ್ಟ ಇರುವುದು ಮಾಳಿಗೆಯದು. ಕಂಬ, ತೊಲೆ, ಜಂತಿ, ಅದರ ಮೇಲೆ ದಪ್ಪನೆಯ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಹುಲ್ಲು ಕಿತ್ತು, ಹೊಸ ಮಣ್ಣು ಹರವಿ ಬಡಿಯಬೇಕು. ಒಂದು ವರ್ಷ ತಪ್ಪಿದರೆ ಅಡುಗೆಮನೆಯಲ್ಲಿ ಬೋಗುಣಿ ಇಡಬೇಕಾಗುತ್ತದೆ.

ಅಲ್ಲಿಂದಲೇ ದೊಡ್ಡಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಮನೆ ಕೆಡವಿ ಆರ್‌ಸಿಸಿ ಹಾಕಿಸುವ ಮಾತು ಎರಡು ವರ್ಷದಿಂದ ನಡೆದಿದೆ. ಬೇಡ ಎನ್ನುವವನು ನಾನೊಬ್ಬನೇ.

"ನೋಡ್ರಿ ದೊಡ್ಡಪ್ಪ, ಇಂಥಾ ಮನಿ ನೋಡಾಕ ಇಲ್ಲೆ ಮಂದಿ ಟಿಕೆಟ್ ತಗೊಂಡು ಬರ್ತಾರ."

"ಹೌದಪಾ, ಅಲ್ಲೆ ಮನಿ ನೋಡ್ಕೊಳ್ಳಾಕ ಪಗಾರದ ಮಂದಿ ಅದಾರ. ಇಲ್ಲೆ ಮಾಳಿಗಿ ಮ್ಯಾಲ ಮಣ್ಣ ಹಾಕಾಕ ನೀ ಬರ್ತೀಯೇನು?"

ನನ್ನಲ್ಲಿ ಉತ್ತರವಿರಲಿಲ್ಲ. ಮನೆಯವರಿಗೆ ಭಯವೂ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಮಂದಿ ಸತ್ತದ್ದು ಇಂಥವೇ ಮನೆಗಳಡಿ ಸಿಕ್ಕು. ಮೇಲೆ ಮಣ್ಣಿನ ಭಾರ, ಕೆಳಗೆ ಎರಡು ಸಾಲನ್ನು ಹಿಡಿದಿಡುವ ಉದ್ದನೆಯ ಕಲ್ಲುಗಳಿಲ್ಲದ ಗೋಡೆ. ಇದನ್ನೆಲ್ಲ ಓದಿಯೂ ಚೆನ್ನೈನ ಫ್ಲಾಟಿನಲ್ಲಿ ಕುಳಿತು ‘ಪರಂಪರೆ’ ಎನ್ನಲು ನನಗೇ ಸಂಕೋಚವಾಯಿತು.

ವಾರವಿಡೀ ಮಾತಾಡಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮಣ್ಣು ಇಳಿಸಿ ತಗಡು ಹಾಕುವುದು, ಗೋಡೆ ಉಳಿಸುವುದು. ತಗಡು ಕಾಯುತ್ತದೆ ಎಂದು ದೊಡ್ಡಮ್ಮನ ತಕರಾರು ಇನ್ನೂ ಇದೆ. ಗೋಡೆ ನೋಡಲು ಬಾಗಲಕೋಟೆಯಿಂದ ಸಿವಿಲ್ ಎಂಜಿನಿಯರ್ ಒಬ್ಬರು ಬರುತ್ತಾರೆ, ಅವರ ಫೀಸು ನನ್ನದು. ಯುಗಾದಿಗೆ ನಾನೂ ಊರಿಗೆ ಹೋಗುತ್ತಿದ್ದೇನೆ. ಮಣ್ಣು ಇಳಿಸುವಾಗ ಬುಟ್ಟಿ ಹಿಡಿಯಬೇಕಂತೆ.