ಗುಮ್ಮಟಗಳ ಊರಿನ ನೀರಿನ ದಾರಿ

ವಿಜಯಪುರದಲ್ಲಿ ಗೈಡ್ ಮಾಡಿಕೊಂಡು ಊರು ನೋಡಲು ಹೊರಟವರು ಮೊದಲು ಎಲ್ಲಿಗೆ ಹೋಗುವುದೆಂದು ಕೇಳಬೇಕಾಗಿಲ್ಲ. ರೈಲಿನಲ್ಲಿ ಬಂದವರಿಗೆ ಊರಿಗಿಂತ ಮೊದಲು ಕಾಣುವುದೇ ಗೋಲ ಗುಂಬಜ. ನಿಲ್ದಾಣದಿಂದ ನಡೆದೇ ತಲುಪಬಹುದು. ಬುದ್ಧಿವಂತ ಗೈಡ್ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬರಹೇಳುತ್ತಾನೆ. ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತವೆಂದರೆ ಆಮೇಲೆ ಅಲ್ಲಿ ಕೇಳಿಸುವುದು ಮಕ್ಕಳ ಕೂಗೊಂದೇ.

ಗೋಪುರದ ಒಳಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿ, ಏದುಸಿರು ಬಿಡುತ್ತ ಗುಮ್ಮಟದ ಬುಡದ ಮೊಗಸಾಲೆಗೆ ಕಾಲಿಟ್ಟರೆ, ಗೈಡ್ ನಿಮ್ಮನ್ನು ಒಂದು ಕಡೆ ಗೋಡೆಗೆ ಕಿವಿ ಹಚ್ಚಿ ಕೂರಿಸಿ ತಾನು ಎದುರಿನ ಬದಿಗೆ ನಡೆಯುತ್ತಾನೆ. ಅಲ್ಲಿ ಕಡ್ಡಿ ಗೀರಿದ ಸದ್ದು, ಕಾಗದ ಹರಿದ ಸದ್ದು ಇಲ್ಲಿ ಕಿವಿಯ ಪಕ್ಕದಲ್ಲೇ ಆದಂತೆ ಕೇಳುತ್ತದೆ. ನಡುವಿನ ಅಂತರ ಸುಮಾರು 38 ಮೀಟರ್. ಒಂದು ಚಪ್ಪಾಳೆಗೆ ಹಲವು ಚಪ್ಪಾಳೆ ಮರಳಿ ಬರುತ್ತವೆ. ಏಳೋ ಹತ್ತೋ ಎಂದು ಎಣಿಸುವ ಜಗಳ ಪ್ರತಿ ಗುಂಪಿನಲ್ಲೂ ನಡೆಯುತ್ತದೆ.

ಆದರೆ ಈ ಕಟ್ಟಡದ ನಿಜವಾದ ಚಮತ್ಕಾರ ಇರುವುದು ಕಿವಿಗಲ್ಲ, ಕಣ್ಣಿಗೆ. ಕೆಳಗಿಳಿದ ಮೇಲೆ ಹಾಲಿನ ನಡುವೆ ನಿಂತು ತಲೆಯೆತ್ತಿ ನೋಡಬೇಕು. 18,000 ಚದರ ಅಡಿಗೂ ಮಿಕ್ಕಿದ ಚೌಕ ನೆಲ, ನಡುವೆ ಒಂದೇ ಒಂದು ಕಂಬವಿಲ್ಲ. ಚೌಕದ ಮೇಲೆ ವೃತ್ತವನ್ನು ಕೂರಿಸುವುದು ಹೇಗೆ ಎಂಬ ಲೆಕ್ಕವನ್ನು ಇಲ್ಲಿಯ ಕಲ್ಲುಕುಟಿಗರು ಎಂಟು ಕಮಾನುಗಳಿಂದ ಬಿಡಿಸಿದ್ದಾರೆ. ಕಮಾನುಗಳು ಒಂದನ್ನೊಂದು ಕತ್ತರಿಸುತ್ತ, ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಹೆಣೆದುಕೊಂಡು, ಮೇಲೇರುತ್ತ ಒಳಕ್ಕೆ ಬಾಗಿ ಗುಮ್ಮಟಕ್ಕೆ ದುಂಡನೆಯ ಪೀಠ ಒದಗಿಸುತ್ತವೆ. ಸುಮಾರು ಮೂರು ಮೀಟರ್ ದಪ್ಪದ ಗುಮ್ಮಟ ಹೊರಕ್ಕೆ ತಳ್ಳುವ ಭಾರವನ್ನು ಒಳಕ್ಕೆ ಬಾಗಿದ ಈ ಕಮಾನುಗಳ ತೂಕವೇ ತಡೆದು ಹಿಡಿಯುತ್ತದೆ. ಗೈಡ್‌ಗಳು ಇದನ್ನು ಎರಡೇ ಮಾತಿನಲ್ಲಿ ಮುಗಿಸಿ ರಂಭೆಯ ಕಥೆಗೆ ಜಾರಿಬಿಡುತ್ತಾರೆ. ಸುಲ್ತಾನ ಮಹಮ್ಮದ ಆದಿಲ್‌ಶಾ ಪ್ರೀತಿಯನ್ನು ಪರೀಕ್ಷಿಸಲು ಹೇಳಿದಾಗ ಈ ನರ್ತಕಿ ಮೇಲಿಂದ ಹಾರಿ ಪ್ರಾಣಬಿಟ್ಟಳು ಎಂಬುದು ಕಥೆ. ಅವಳ ಗೋರಿ ಸುಲ್ತಾನನ ಗೋರಿಯ ಸಾಲಿನಲ್ಲೇ ಇದೆಯೆಂಬುದಷ್ಟೇ ಕಣ್ಣಿಗೆ ಕಾಣುವ ಸಂಗತಿ.

ಕಥೆಗಳ ವಿಷಯದಲ್ಲಿ ಈ ಊರು ಬಲು ಧಾರಾಳಿ. ಬಾರಾ ಕಮಾನ್‌ಗೆ ಹೋಗಿ. ಎರಡನೆಯ ಅಲಿ ಆದಿಲ್‌ಶಾ ತನ್ನ ಸಮಾಧಿಗೆಂದು ಎಬ್ಬಿಸತೊಡಗಿದ ಕಟ್ಟಡ. ಆಕಾಶಕ್ಕೆ ತೆರೆದ ಕಪ್ಪುಗಲ್ಲಿನ ಕಮಾನುಗಳಷ್ಟೇ ನಿಂತಿವೆ. ಇದರ ನೆರಳು ಗೋಲ ಗುಂಬಜದ ಮೇಲೆ ಬೀಳಬಾರದೆಂದು ತಂದೆಯೇ ಮಗನನ್ನು ಕೊಲ್ಲಿಸಿದ ಎಂದು ಹೇಳುವವರಿದ್ದಾರೆ. ತಂದೆ ಮಹಮ್ಮದ ತೀರಿಕೊಂಡದ್ದು 1656ರಲ್ಲಿ. ಆ ಬಳಿಕ ಮಗ 1672ರವರೆಗೆ ಆಳಿದ. ಸತ್ತ ತಂದೆ ಕೊಲ್ಲಿಸಿದ್ದು ಹೇಗೆ ಎಂದು ಕೇಳಿದರೆ ಗೈಡ್ ನಕ್ಕು ಸುಮ್ಮನಾಗುತ್ತಾನೆ. ಆಳುವವನ ಆಯುಷ್ಯ ಮುಗಿಯಿತು, ಕೆಲಸ ನಿಂತಿತು. ಅದಾಗಿ ಹದಿನಾಲ್ಕು ವರ್ಷಕ್ಕೆ, 1686ರಲ್ಲಿ, ಔರಂಗಜೇಬನ ಮುಂದೆ ರಾಜ್ಯವೇ ಮುಗಿಯಿತು.

ಮಲಿಕ್-ಎ-ಮೈದಾನ್ ತೋಪಿನ ಬಳಿಯೂ ಕಥೆಗೆ ಬರವಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಬಾಯಿ ತೆರೆದ ಸಿಂಹದ ಮೋರೆಯ, ಸುಮಾರು 55 ಟನ್ ತೂಕದ ತೋಪು ಇದು. ಬಿಸಿಲಲ್ಲೂ ಮುಟ್ಟಿದರೆ ತಣ್ಣಗಿರುತ್ತದೆಂದು ಎಲ್ಲರೂ ಕೈಯಿಟ್ಟು ನೋಡುತ್ತಾರೆ. ನನಗೆ ಇದರ ಕಥೆಗಳಿಗಿಂತ ಇಷ್ಟವಾಗುವುದು ಒಂದು ಕಚೇರಿ ವ್ಯವಹಾರ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ನಿರುಪಯೋಗಿ ಸಾಮಾನುಗಳ ಜೊತೆ ಇದನ್ನೂ ಹರಾಜಿಗಿಟ್ಟರು. ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದು ಸರಿಯಲ್ಲವೆಂದು ಮಾಮಲೇದಾರ ಮೇಲಕ್ಕೆ ಬರೆದ. ಹಾಗಾಗಿ ತೋಪು ಊರಲ್ಲೇ ಉಳಿಯಿತು.

ತೋಪಿನ ಪಕ್ಕದ ನೀರಿನ ತೊಟ್ಟಿಯನ್ನು ಗೈಡ್ ಮರೆಯದೆ ತೋರಿಸುತ್ತಾನೆ. ಬತ್ತಿಗೆ ಬೆಂಕಿ ಹಚ್ಚಿದ ಗೋಲಂದಾಜ ಕಿವಿ ಉಳಿಸಿಕೊಳ್ಳಲು ಅದರಲ್ಲಿ ಮುಳುಗುತ್ತಿದ್ದನಂತೆ. ಅದನ್ನು ನಂಬಿ, ಬಿಡಿ. ಬುರುಜಿನ ಮೇಲೆ ತೊಟ್ಟಿ ಇದೆ, ಅದಕ್ಕೆ ನೀರು ಬೇಕಿತ್ತು. ಎಲ್ಲಿಂದ ಬಂತು? ಇಡೀ ದಿನದ ಸುತ್ತಾಟದಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ ಎನ್ನಿಸುತ್ತದೆ. ವಿಜಯಪುರ ಬರದ ನಾಡು. ಊರ ಮೈಗೆ ನದಿಯಿಲ್ಲ. ಇಂದು ನಲ್ಲಿಗೆ ಬರುವ ನೀರೂ ದೂರದ ಕೃಷ್ಣೆಯದು. ಹತ್ತಿರ ಹತ್ತಿರ ಇನ್ನೂರು ವರ್ಷ ಇದೇ ಒಣ ನೆಲದ ಮೇಲೆ ಒಂದು ರಾಜಧಾನಿ ತನ್ನ ಸೈನ್ಯ, ಕುದುರೆ, ಕಾರಖಾನೆ, ತೋಟ, ಕಾರಂಜಿಗಳ ಸಮೇತ ಬಾಳಿತು.

ಒಮ್ಮೆ ಈ ಪ್ರಶ್ನೆ ತಲೆಗೆ ಹೊಕ್ಕಿತೆಂದರೆ ಎಲ್ಲೆಲ್ಲೂ ನೀರಿನ ಗುರುತುಗಳೇ ಕಾಣತೊಡಗುತ್ತವೆ. ಅರಕಿಲ್ಲೆಯೊಳಗಿನ ಸಾತ್ ಮಂಜಿಲ್‌ನಲ್ಲಿ ಮುರಿದ ಗೋಡೆಗಳ ನಡುವೆ ನೀರಿನ ಕೊಳವೆ ಹಾದ ಜಾಡು, ತೊಟ್ಟಿಗಳು. ಅದರ ಎದುರಿಗೇ ನೀರಿನ ನಡುವೆ ನಿಲ್ಲಲೆಂದು ಕಟ್ಟಿದ ಪುಟ್ಟ ಜಲಮಂಜಿಲ್. ಈಗ ಅದರ ಸುತ್ತ ಆಟೋ, ಬೈಕು, ಡಾಂಬರು ರಸ್ತೆ. ಪ್ರವಾದಿಯವರ ಗಡ್ಡದ ಕೂದಲಿವೆ ಎಂದು ನಂಬಲಾಗಿರುವ ಅಸಾರ್ ಮಹಲಿನ ಮುಂದೆ ದೊಡ್ಡ ಕೊಳ. ಇಬ್ರಾಹಿಂ ರೋಜಾದಲ್ಲಿ ಒಂದೇ ಜಗತಿಯ ಮೇಲೆ ಎದುರುಬದುರು ನಿಂತ ಸಮಾಧಿ ಮತ್ತು ಮಸೀದಿಯ ನಡುವೆ ಕಾರಂಜಿಯ ತೊಟ್ಟಿ. ಪೇಟೆಯ ಸಂದಿಗಳಲ್ಲಿ ಅಲ್ಲಲ್ಲಿ ಯಾರೂ ತಿರುಗಿ ನೋಡದ ಚೌಕಾಕಾರದ ಗಾರೆ ಗೋಪುರಗಳು ನಿಂತಿವೆ. ಅವು ಗಂಜ್‌ಗಳು. ಕೊಳವೆಯಲ್ಲಿ ಬಂದ ನೀರು ಇವುಗಳೊಳಗೆ ಏರಿ, ರಭಸ ಕಳೆದುಕೊಂಡು, ಕಸರು ತಳಕ್ಕಿಳಿಸಿ ಮುಂದಕ್ಕೆ ಹೋಗುತ್ತಿತ್ತು. ಗೈಡ್‌ಗಳ ಪಟ್ಟಿಯಲ್ಲಿ ಇವಕ್ಕೆ ಜಾಗವಿಲ್ಲ. ಟಿಕೆಟ್ಟೂ ಇಲ್ಲ, ಫೋಟೊ ತೆಗೆಯುವವರೂ ಇಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಸುತ್ತಬೇಡಿ. ಖಾನಾವಳಿಗೆ ನುಗ್ಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಮುಂದೆ ಕೂತುಬಿಡಿ. ಬಡಿಸುವವರು ‘ಇನ್ನೊಂದ್ ರೊಟ್ಟಿ ತಗೋರಿ ಸರ’ ಎಂದರೆ ಬೇಡ ಎನ್ನುವುದು ಕಷ್ಟ.

ಇಬ್ರಾಹಿಂ ರೋಜಾವನ್ನು ಮಾತ್ರ ಗಡಿಬಿಡಿಯಲ್ಲಿ ಮುಗಿಸಬಾರದು. ಇದು ಗೋಲ ಗುಂಬಜಕ್ಕಿಂತ ಹಿಂದಿನದು, ಗಾತ್ರದಲ್ಲಿ ಬಹಳ ಚಿಕ್ಕದು, ಸೊಬಗಿನಲ್ಲಿ ನನ್ನ ಪ್ರಕಾರ ಬಹಳ ದೊಡ್ಡದು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾ ಇಲ್ಲಿ ಮಲಗಿದ್ದಾನೆ. ಪಕ್ಕದಲ್ಲಿ ರಾಣಿ ತಾಜ್ ಸುಲ್ತಾನಾ. ಸಂಗೀತದ ಹುಚ್ಚಿನ ಈ ಸುಲ್ತಾನನನ್ನು ಜನ ಜಗದ್ಗುರು ಎಂದರು. ತನ್ನ ‘ಕಿತಾಬ್-ಎ-ನವರಸ್’ನ ಹಾಡುಗಳಲ್ಲಿ ಅವನು ಸರಸ್ವತಿಯನ್ನೂ ಗಣಪತಿಯನ್ನೂ ನೆನೆದಿದ್ದಾನೆ. ಕಲ್ಲಿನಲ್ಲೇ ಅಕ್ಷರ ಕೊರೆದು ಮಾಡಿದ ಇಲ್ಲಿಯ ಜಾಲಂದ್ರಗಳ ಒಳಗಿನಿಂದ ಹೊರಗಿನ ಬೆಳಕನ್ನು ನೋಡಿದರೆ ಅಕ್ಷರಗಳ ನಡುವೆ ಆಕಾಶ ಕಾಣುತ್ತದೆ. ಕಟ್ಟಿದವನ ಹೆಸರು ಮಲಿಕ್ ಸಂದಲ್ ಎಂದು ಇಲ್ಲಿಯ ಶಾಸನ ಹೇಳುತ್ತದೆ. ಕಟ್ಟಿಸಿದವರ ಹೆಸರಷ್ಟೇ ಉಳಿಯುವ ನಮ್ಮ ಸ್ಮಾರಕಗಳಲ್ಲಿ ಇದು ಅಪರೂಪ.

ಇದೇ ಮಲಿಕ್ ಸಂದಲನ ಹೆಸರು ತಳಕು ಹಾಕಿಕೊಂಡಿರುವ ತಾಜ್ ಬಾವಡಿ ರೋಜಾದಿಂದ ದೂರವಿಲ್ಲ. 1620ರ ಸುಮಾರಿಗೆ ತಾಜ್ ಸುಲ್ತಾನಾಳ ಹೆಸರಿನಲ್ಲಿ ಆದದ್ದು. ಎರಡು ಬದಿ ಎಂಟು ಮೂಲೆಯ ಗೋಪುರಗಳು, ನಡುವೆ ಭಾರಿ ಕಮಾನು, ಅದರೊಳಗಿಂದ ಇಳಿಯುವ ಮೆಟ್ಟಿಲು, ಕೆಳಗೆ ಚೌಕನೆಯ ಹೊಂಡ. ಬಹಳ ಕಾಲ ಹೂಳು, ಕಸ ತುಂಬಿದ್ದ ಈ ಬಾವಿಯನ್ನು ಇತ್ತೀಚಿನ ವರ್ಷಗಳಲ್ಲಿ ಸ್ವಚ್ಛ ಮಾಡಲಾಗಿದೆ. ಊರಿನ ಮತ್ತೊಂದು ಅಂಚಿನಲ್ಲಿ ಚಾಂದ್ ಬಾವಡಿ ಇದೆ. 1579ರದ್ದು, ಚಾಂದಬೀಬಿಯ ಹೆಸರಿನದು. ತಾಳಿಕೋಟೆಯ ಕದನದ ಬಳಿಕ ಬೆಳೆಯುತ್ತಿದ್ದ ಊರಿಗೆ ಇಂಥ ಬಾವಡಿಗಳು ಅಲಂಕಾರಕ್ಕಲ್ಲ, ಅನಿವಾರ್ಯಕ್ಕೆ ಬಂದವು.

ಬಾವಿಗಳಿಂದಷ್ಟೇ ಊರು ತಣಿಯಲಿಲ್ಲ. ಉಪ್ಪಲಿ ಬುರುಜಿನ ಹೊರಸುತ್ತಿನ ಮೆಟ್ಟಿಲು ಹತ್ತಿ ಪಶ್ಚಿಮಕ್ಕೆ ತಿರುಗಿದರೆ ನೀರು ಬಂದ ದಿಕ್ಕು ಅದೇ. ಐದಾರು ಕಿ.ಮೀ. ಆಚೆ ತೊರವೆ. ಕನ್ನಡಿಗರಿಗೆ ಇದು ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದ ಊರು, ನರಸಿಂಹನ ಊರು. ಇಬ್ರಾಹಿಂ 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣ ಕಟ್ಟಲು ಹೊರಟದ್ದೂ ಇಲ್ಲಿಯೇ. ಅಹಮದನಗರದ ಮಲಿಕ್ ಅಂಬರ್ 1624ರಲ್ಲಿ ಅದನ್ನು ಹಾಳುಗೆಡವಿದ. ತೊರವೆಯ ಕಡೆಯಿಂದ ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಗೆ, ಹೂಳೆತ್ತಲಿಕ್ಕೆ ಬಾವಿಯಂಥ ಕಂಡಿಗಳನ್ನು ಬಿಟ್ಟು, ಇಳಿಜಾರಿನ ಬಲದಿಂದಲೇ ನೀರನ್ನು ಊರೊಳಕ್ಕೆ ಹರಿಸಿದ್ದರು. ಎತ್ತು ಬೇಡ, ಏತ ಬೇಡ, ಬಿಸಿಲಿಗೆ ಆವಿಯಾಗಿ ಹೋಗುವ ಭಯವೂ ಇಲ್ಲ. ಪರ್ಷಿಯಾದಿಂದ ಬಂದ ಈ ಕರೇಜ್ ವಿದ್ಯೆಯನ್ನು ಬೀದರ್‌ನಲ್ಲೂ ನೋಡಬಹುದು. ಮುಂದೆ 1651ರಲ್ಲಿ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿ ಅಲ್ಲಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ಗುಮ್ಮಟದ ಪ್ರತಿಧ್ವನಿ ಬೆರಗು ಹುಟ್ಟಿಸುತ್ತದೆ, ಒಪ್ಪಿದೆ. ಆದರೆ ಪಂಪಿಲ್ಲದ ಕಾಲದಲ್ಲಿ ಇಳಿಜಾರನ್ನು ಇಷ್ಟು ಕರಾರುವಾಕ್ಕಾಗಿ ಅಳೆದವರ ಲೆಕ್ಕಾಚಾರ ಅದಕ್ಕಿಂತ ಸಣ್ಣದೇನಲ್ಲ.

ಒಂದು ವ್ಯಾವಹಾರಿಕ ಮಾತು. ಗೋಲ ಗುಂಬಜ, ಜಾಮಿಯಾ ಮಸೀದಿ, ಬಾರಾ ಕಮಾನ್, ತೋಪು, ರೋಜಾ: ಇಷ್ಟು ಗೈಡ್‌ಗಳ ಮಾಮೂಲಿ ಸುತ್ತು, ಆಟೋದವರ ಮಾಮೂಲಿ ಬಾಡಿಗೆ. ಗಂಜ್, ತಾಜ್ ಬಾವಡಿ, ತೊರವೆಯ ಸುರಂಗ ಬಾವಡಿ ಬೇಕೆಂದರೆ ಬೆಳಗ್ಗೆಯೇ ಹೇಳಿ ದರ ಕುದುರಿಸಿಕೊಳ್ಳಿ. ‘ಅಲ್ಲಿ ಏನೈತ್ರಿ ಸರ ನೋಡಾಕ, ಬರೇ ಬಾವಿ’ ಅಂದಾರು. ಆದರೂ ಹೋಗಿ.