ಸುಲಭದ ಸಬ್ಜೆಕ್ಟ್ ಯಾವುದು, ತಾತ?

ಮಕ್ಕಳೇ, ಶಾಲೆಯಲ್ಲಿ ಯಾವ ವಿಷಯ ಓದುತ್ತೀರೆಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ಗಣಿತ ಬೇಡವೆಂದರೂ ಗಣಿತ ಇದ್ದೇ ಇರುತ್ತದೆ. ಡಿಗ್ರಿಗೆ ಹೋದ ಮೇಲೆ ಮುಖ್ಯ ವಿಷಯಗಳ ಜೊತೆಗೆ ಒಂದು ಪಟ್ಟಿ ಕೊಟ್ಟು, ‘ಇದರಲ್ಲಿ ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ’ ಎನ್ನುವುದುಂಟು. ಆಗ ಹುಡುಗರು ಮೊದಲು ಕೇಳುವುದು ಒಂದೇ ಮಾತು: ‘ಯಾವುದು ಸುಲಭ? ಯಾವುದರಲ್ಲಿ ಮಾರ್ಕ್ಸ್ ಜಾಸ್ತಿ ಬೀಳುತ್ತೆ?’

ಈ ಪ್ರಶ್ನೆ ಇವತ್ತಿನದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ 1869ರಿಂದ 1909ರವರೆಗೆ ಚಾರ್ಲ್ಸ್ ಎಲಿಯಟ್ ಎಂಬುವರು ಅಧ್ಯಕ್ಷರಾಗಿದ್ದರು. ಗ್ರೀಕ್, ಲ್ಯಾಟಿನ್, ಗಣಿತಗಳನ್ನು ಎಲ್ಲರೂ ಓದಲೇಬೇಕು ಎಂಬ ಹಳೆಯ ಕಟ್ಟು ಸಡಿಲಿಸಿ, ವಿದ್ಯಾರ್ಥಿಗಳೇ ವಿಷಯ ಆರಿಸಿಕೊಳ್ಳಲಿ ಎಂದವರು ಅವರು. ಅದರಿಂದ ಒಳ್ಳೆಯದೂ ಆಯಿತು. ವಿಜ್ಞಾನದಂಥ ಹೊಸ ವಿಷಯಗಳಿಗೆ ಜಾಗ ಸಿಕ್ಕಿತು. ಆದರೆ ಅಲ್ಲೊಂದು ಇಲ್ಲೊಂದು ಹಗುರ ತರಗತಿ ಹಿಡಿದು, ಯಾವುದನ್ನೂ ಆಳವಾಗಿ ಓದದೆ ಪದವಿ ಮುಗಿಸುವವರೂ ಹೆಚ್ಚಾದರು. 1909ರಲ್ಲಿ ಬಂದ ಲಾವೆಲ್ ಎಂಬ ಮುಂದಿನ ಅಧ್ಯಕ್ಷರು ಹೊಸ ನಿಯಮ ತಂದರು: ಒಂದು ವಿಷಯವನ್ನು ಆಳವಾಗಿ ಓದಬೇಕು, ಬೇರೆ ವಿಷಯಗಳನ್ನೂ ಒಂದಿಷ್ಟು ಮುಟ್ಟಬೇಕು.

ನಮ್ಮ ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ಡಿಗ್ರಿಯಲ್ಲಿ ‘ಓಪನ್ ಎಲೆಕ್ಟಿವ್’ ಎಂಬ ಪತ್ರಿಕೆ ಬಂತು. ವಾಣಿಜ್ಯ ಓದುವವರು ಬೇರೆ ವಿಭಾಗದ ಒಂದು ವಿಷಯವನ್ನೂ ಓದಬಹುದಾಯಿತು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿ ಪಠ್ಯಕ್ರಮ ಬದಲಾಯಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಪದವಿ ತರಗತಿ ಆರಂಭಿಸಿದಾಗ ಬೇರೆ ದಾರಿ ಹಿಡಿಯಿತು. ಆಗ ಅಲ್ಲಿ ಮೊದಲ ಮೂರು ಸೆಮಿಸ್ಟರ್ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನಗಳನ್ನು ಎಲ್ಲರೂ ಓದಬೇಕಿತ್ತು. ಒಂದನ್ನು ಹಿಡಿಯುವುದು ಆಮೇಲೆ.

ಇನ್ನು ಲೆಕ್ಕಕ್ಕೆ ಬರೋಣ. ನಾನು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದವನು; ಲೆಕ್ಕ ಹಾಕದೆ ಮಾತು ಮುಂದುವರಿಯುವುದಿಲ್ಲ. ಬ್ಯಾಂಕಿನ ಕ್ರೆಡಿಟ್ ಬೇರೆ, ಕಾಲೇಜಿನ ಕ್ರೆಡಿಟ್ ಬೇರೆ. ವಾರಕ್ಕೆ ಒಂದು ಗಂಟೆ ಪಾಠವಿದ್ದರೆ ಸೆಮಿಸ್ಟರಿಗೆ ಒಂದು ಕ್ರೆಡಿಟ್. ವಿಷಯದಲ್ಲಿ ಬಂದ ಗ್ರೇಡ್ ಅಂಕವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು.

ಒಬ್ಬ ಹುಡುಗನಿಗೆ 4 ಕ್ರೆಡಿಟ್‌ನ ಎರಡು ಕಷ್ಟದ ವಿಷಯ, 3 ಕ್ರೆಡಿಟ್‌ನ ಒಂದು ಸುಲಭದ ವಿಷಯ ಎಂದಿಟ್ಟುಕೊಳ್ಳಿ. ಕಷ್ಟದವುಗಳಲ್ಲಿ 8 ಮತ್ತು 7, ಸುಲಭದ್ದರಲ್ಲಿ 10 ಬಂತು. 32, 28, 30 ಸೇರಿ 90. 11ರಿಂದ ಭಾಗಿಸಿದರೆ 8.18. ಸುಲಭದ್ದರ ಬದಲು ಬೇರೆಯದನ್ನು ಓದಿ 8 ಬಂದಿದ್ದರೆ 7.64 ಆಗುತ್ತಿತ್ತು. ಲಾಭ 0.54. ಆದರೆ ‘ಸುಲಭದ್ದು ಕೈಹಿಡಿಯುತ್ತೆ ಬಿಡು’ ಎಂದು ಉದಾಸೀನ ಮಾಡಿ, 8 ಬರಬೇಕಾದ ಕಷ್ಟದ ವಿಷಯದಲ್ಲಿ 6 ತೆಗೆದರೆ ನಷ್ಟ 0.73. ಬಂದ ಲಾಭವೂ ಹೋಯಿತು, ಮೇಲೆ ಗಂಟಿನದೂ ಹೋಯಿತು!

ಹಾಗಾದರೆ ಸುಲಭದ್ದನ್ನು ತೆಗೆದುಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ನಮ್ಮ ಲಕ್ಕೂರಿನ ಹುಡುಗಿಯೊಬ್ಬಳು ಬೆಳಕು ಹರಿಯುವ ಮೊದಲೇ ಎದ್ದು ಬಸ್ಸಿನಲ್ಲಿ ಮಾಲೂರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗುತ್ತಾಳೆ. ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಅವಳು ಹಗುರವಾದ ಪತ್ರಿಕೆಯೊಂದನ್ನು ಆರಿಸಿಕೊಂಡಾಗ ಅವಳ ತಾತ, ‘ಓದೋಕೆ ಕಳ್ಳಾಟ’ ಎಂದು ಗದರಿದರು. ಅವಳು ಹೇಳಿದ್ದಿಷ್ಟೆ: ‘ತಾತ, ಅದ್ರಲ್ಲಿ ಉಳಿಯೋ ಹೊತ್ತು ಕಾಸ್ಟ್ ಅಕೌಂಟಿಂಗ್‌ಗೆ ಬೇಕು. ಅದು ನಂಗೆ ತಲೆಗೆ ಹತ್ತುತ್ತಿಲ್ಲ.’ ಉಳಿದ ಹೊತ್ತು ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿತ್ತು. ಇದು ಸೋಮಾರಿತನವಲ್ಲ, ಜಾಣತನ.

ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುವುದನ್ನು ಅಜ್ಜ ಅಜ್ಜಿಯರು ಬಲ್ಲರು. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು. ಸಾರಿಗೆ ಅವರೆ ಬೇಕು, ಅದರಿಂದ ಊಟಕ್ಕೆ ರುಚಿ. ಆದರೆ ಅಕ್ಕಡಿ ಸಾಲೇ ಹೊಲವೆಲ್ಲ ತುಂಬಿದರೆ ವರ್ಷವಿಡೀ ಮುದ್ದೆಗೆ ಏನು ಮಾಡುವುದು? ಸುಲಭದ ವಿಷಯವೂ ಹಾಗೆ. ಒಂದು ಸಾಲಿರಲಿ, ಹೊಲವೆಲ್ಲ ಅದೇ ಬೇಡ.

ಇನ್ನೊಂದು ಮಾತು. ಒಬ್ಬರಿಗೆ ಸುಲಭವಾದದ್ದು ಇನ್ನೊಬ್ಬರಿಗೆ ಸುಲಭವಲ್ಲ. ಗೆಳೆಯ ಸುಲಭ ಎಂದನೆಂದು ಸಂಗೀತವೋ ಮನಶ್ಶಾಸ್ತ್ರವೋ ತೆಗೆದುಕೊಂಡು ಒದ್ದಾಡಬೇಡಿ. ಮೊದಲು ಪಠ್ಯಕ್ರಮ ನೋಡಿ, ಮೇಷ್ಟ್ರನ್ನು ಕೇಳಿ, ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದರಿಂದ ಉಳಿಯುವ ಹೊತ್ತನ್ನು ನಾನು ಯಾವುದಕ್ಕೆ ಕೊಡುತ್ತೇನೆ? ಉತ್ತರ ಸಿಕ್ಕರೆ ಧೈರ್ಯವಾಗಿ ಆರಿಸಿಕೊಳ್ಳಿ. ಸಿಗದಿದ್ದರೆ ಆ ಹೊತ್ತು ಮೊಬೈಲಿನ ಪಾಲಾಗುತ್ತದೆ.

ಅಜ್ಜ ಅಜ್ಜಿಯರಿಗೂ ಒಂದು ವಿನಂತಿ. ಮೊಮ್ಮಕ್ಕಳು ಅಂಕಪಟ್ಟಿ ತಂದಾಗ ಒಟ್ಟು ಎಷ್ಟು ಎಂದಷ್ಟೇ ಕೇಳಬೇಡಿ. ‘ಯಾವುದು ಕಷ್ಟವಾಯಿತು ಮಗ? ಅದಕ್ಕೆ ಎಷ್ಟು ಹೊತ್ತು ಕೂತೆ?’ ಎಂದೂ ಕೇಳಿ. ಕಷ್ಟದ ವಿಷಯದಲ್ಲಿ ತೆಗೆದ 7ಕ್ಕೂ ನಿಮ್ಮ ಮನೆಯಲ್ಲಿ ಬೆಲೆಯಿದೆ ಎಂದು ಮಗುವಿಗೆ ಗೊತ್ತಾಗಲಿ.