ಮೋಟಾರು ಗಾಡಿಯ ಗೇರು: ಕೈಯಿಂದಲೋ, ತಾನಾಗಿಯೋ?

ಹೊಸದಾಗಿ ಕಾರನ್ನು ಕೊಳ್ಳಬೇಕೆಂದಿರುವ ಗೃಹಸ್ಥರು ಬಣ್ಣವನ್ನೂ ಬೆಲೆಯನ್ನೂ ಕುರಿತು ಮನೆಯವರೊಡನೆ ಬೇಕಾದಷ್ಟು ಚರ್ಚಿಸಿ, ಕಟ್ಟಕಡೆಗೆ ಮಾರುವವನು ‘ಗೇರಿನದೋ, ಆಟೋಮ್ಯಾಟಿಕ್ಕೋ?’ ಎಂದು ಕೇಳಿದಾಗ ಒಬ್ಬರ ಮುಖವನ್ನೊಬ್ಬರು ನೋಡುವರು. ಹಿಂದೆ ಈ ಪ್ರಶ್ನೆಯು ಸಾಮಾನ್ಯ ಸಂಸಾರಸ್ಥರನ್ನು ಬಾಧಿಸುತ್ತಿರಲಿಲ್ಲ. ಗೇರು ತಾನಾಗಿ ಬದಲಾಗುವ ಕಾರು ಸಿರಿವಂತರ ಪದಾರ್ಥವೆಂದೇ ನಮ್ಮಲ್ಲಿ ರೂಢಿಯಾಗಿತ್ತು. 2014ರಲ್ಲಿ ಮಾರುತಿ ಸುಜುಕಿ ಕಂಪನಿಯವರು ಸೆಲೆರಿಯೋ ಎಂಬ ಸಣ್ಣ ಕಾರಿಗೆ ಅಗ್ಗದ ಒಂದು ಉಪಾಯದಿಂದ ಈ ಸೌಕರ್ಯವನ್ನು ಒದಗಿಸಿದರು. ಇತರ ಕಂಪನಿಗಳವರೂ ಅದೇ ದಾರಿಯನ್ನು ಹಿಡಿದರು. ಆದಕಾರಣ ಈಗ ಇದು ಪ್ರತಿಯೊಂದು ಮನೆಯ ಪ್ರಶ್ನೆಯಾಗಿದೆ. ಅದನ್ನು ಬಗೆಹರಿಸುವುದಕ್ಕೆ ಯಂತ್ರಶಾಸ್ತ್ರದ ಪಾಂಡಿತ್ಯವೇನೂ ಬೇಕಿಲ್ಲ. ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂಬುದನ್ನು ಸ್ವಲ್ಪ ತಿಳಿದರೆ ಸಾಕು.

ಮೊದಲು ಗೇರಾದರೂ ಏತಕ್ಕೆ ಬೇಕು? ಪೆಟ್ರೋಲಿನ ಎಂಜಿನಿಗೆ ಒಂದು ದೌರ್ಬಲ್ಯವುಂಟು. ಅದು ತಾನು ವೇಗವಾಗಿ ತಿರುಗುತ್ತಿರುವಾಗ ಮಾತ್ರ ಬಲವುಳ್ಳದ್ದು. ನಿಮಿಷಕ್ಕೆ ಏಳೆಂಟು ನೂರು ಸುತ್ತಿಗಿಂತ ಕಡಮೆಯಾದರೆ ಉಸಿರುಕಟ್ಟಿ ನಿಂತೇ ಹೋಗುವುದು. ಗಾಡಿಯ ಚಕ್ರವಾದರೋ ನಿಂತ ಸ್ಥಿತಿಯಿಂದ ಹೊರಡಬೇಕು; ಗಂಟೆಗೆ 100 ಕಿಲೋಮೀಟರು ಓಡುವಾಗಲೂ ಸಣ್ಣ ಕಾರಿನ ಚಕ್ರವು ನಿಮಿಷಕ್ಕೆ ಸುತ್ತುವುದು ಸುಮಾರು 900 ಸಲ ಮಾತ್ರ. ಈ ಚಂಚಲನಿಗೂ ಆ ಮಂದಗಾಮಿಗೂ ಸಂಬಂಧವನ್ನು ಬೆಳೆಸತಕ್ಕ ಮಧ್ಯಸ್ಥನೇ ಗೇರುಪೆಟ್ಟಿಗೆ. ಮೊದಲನೆಯ ಗೇರಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನು ಸುಮಾರು 14 ಸುತ್ತು ಸುತ್ತುತ್ತದೆ. ವೇಗ ಕಡಮೆ, ಎಳೆಯುವ ಶಕ್ತಿ ಹೆಚ್ಚು. ಕಡೆಯ ಗೇರಿನಲ್ಲಿ ಅದು ಮೂರು ಸುತ್ತಿನ ಆಸುಪಾಸಿಗೆ ಇಳಿಯುವುದು. ಗೇರುಳ್ಳ ಬೈಸಿಕಲ್ಲಿನಲ್ಲಿ ಏರು ಹತ್ತುವ ಹುಡುಗರಿಗೆ ಈ ತತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಕಾಲುಗಳಿಗೇ ಅದು ಗೊತ್ತು.

ಒಂದು ದಂತಚಕ್ರವನ್ನು ಬಿಡಿಸಿ ಇನ್ನೊಂದನ್ನು ಕೂಡಿಸುವಾಗ ಎಂಜಿನಿಗೂ ಚಕ್ರಕ್ಕೂ ಇರುವ ನಂಟನ್ನು ಕ್ಷಣಕಾಲ ಕಡಿಯಬೇಕಷ್ಟೆ. ಆ ಕೆಲಸ ಕ್ಲಚ್ಚಿನದು, ಅದನ್ನು ಒತ್ತುವ ಕೆಲಸ ಎಡಗಾಲಿನದು. 1891ರ ಸುಮಾರಿಗೆ ಫ್ರಾನ್ಸಿನ ಪನ್ಹಾರ್ ಮತ್ತು ಲೆವಾಸ್ಸೋರ್ ಎಂಬುವರು ಈ ಬಗೆಯ ಗೇರುಪೆಟ್ಟಿಗೆಯನ್ನು ಬಳಕೆಗೆ ತಂದರು. ಅದರಲ್ಲಿ ಹಲ್ಲಿಗೆ ಹಲ್ಲು ತಾಗಿ ಏಳುತ್ತಿದ್ದ ಕರ್ಕಶಧ್ವನಿಯನ್ನು ತಪ್ಪಿಸಲು ಚಾಲಕನು ಕ್ಲಚ್ಚನ್ನು ಎರಡೆರಡು ಸಲ ಒತ್ತಿ ಸಾಹಸಪಡಬೇಕಾಗಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ, ಕೂಡಬೇಕಾದ ಎರಡು ಚಕ್ರಗಳ ವೇಗವನ್ನು ಮುಂಚಿತವಾಗಿಯೇ ಸರಿಗಟ್ಟುವ ‘ಸಿಂಕ್ರೋಮೆಷ್’ ಎಂಬ ಉಪಾಯ ಬಂದಮೇಲೆ ಆ ಕಷ್ಟ ತೀರಿತು. ನಾವು ಇಂದು ಕೈಯಿಂದ ಬದಲಾಯಿಸುವ ಗೇರು ಸಾರಾಂಶದಲ್ಲಿ ಇದೇ ಆಗಿರುತ್ತದೆ.

ತಾನಾಗಿ ಬದಲಾಗುವ ಗೇರಿಗೆ ಪತ್ರಿಕೆಗಳವರು ‘ಸ್ವಯಂಚಾಲಿತ’ವೆಂದು ಹೆಸರಿಟ್ಟಿದ್ದಾರೆ. ಈ ಪದವನ್ನು ಗಾಡಿಗೆ ಹಚ್ಚಿ ‘ಸ್ವಯಂಚಾಲಿತ ಕಾರು’ ಎಂದರೆ ತಾನೇ ಓಡುವ ಕಾರು ಎಂಬರ್ಥ ಹೊರಡುವುದರಿಂದ ವ್ಯಾಕರಣವನ್ನು ಓದಿದವರಿಗೆ ಕೊಂಚ ಇರುಸುಮುರುಸಾಗುತ್ತದೆ. ಇಲ್ಲಿ ತಾನಾಗಿ ನಡೆಯುವುದು ಗೇರಿನ ಬದಲಾವಣೆಯೊಂದೇ. ಚಕ್ರ ತಿರುಗಿಸುವುದು, ಬ್ರೇಕು ಒತ್ತುವುದು, ಎದುರಿಗೆ ಬಂದ ದನವನ್ನು ಕಾಣುವುದು ಎಲ್ಲವೂ ಚಾಲಕನ ಹೊಣೆಯೇ. ಇದು ಬರಿಯ ಶಬ್ದವಿಚಾರವಲ್ಲ; ಇದರಲ್ಲಿ ಪ್ರಾಣದ ಮಾತೂ ಇದೆಯೆಂಬುದು ಮುಂದೆ ತಿಳಿಯುವುದು.

ಇವುಗಳಲ್ಲಿ ನಾಲ್ಕು ಜಾತಿಗಳಿವೆ. ಹಳೆಯದೂ ಸೊಗಸಾದುದೂ ಎಣ್ಣೆಯ ಮೂಲಕ ಬಲವನ್ನು ಸಾಗಿಸತಕ್ಕದ್ದು. ಎರಡು ಮೇಜು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ಮಾತ್ರ ವಿದ್ಯುತ್ತನ್ನು ಕೊಟ್ಟರೆ ಅದರ ಗಾಳಿಯಿಂದ ಇನ್ನೊಂದೂ ಮೆಲ್ಲನೆ ತಿರುಗತೊಡಗುವುದನ್ನು ಮಕ್ಕಳೂ ನೋಡಬಹುದು. ಗಾಳಿಯ ಬದಲು ಎಣ್ಣೆಯನ್ನು ತುಂಬಿ ಎರಡನ್ನೂ ಒಂದೇ ಕರಂಡದಲ್ಲಿ ಮುಚ್ಚಿ, ನಡುವೆ ಎಣ್ಣೆಯ ಪ್ರವಾಹವನ್ನು ತಿರುಗಿಸಿ ಕೊಡುವ ಮೂರನೆಯದೊಂದನ್ನು ಇಟ್ಟರೆ ‘ಟಾರ್ಕ್ ಕನ್ವರ್ಟರ್’ ಆಯಿತು. ಗಾಡಿ ನಿಂತಿದ್ದರೂ ಎಂಜಿನು ನಿಲ್ಲಬೇಕಾಗಿಲ್ಲ, ಎಣ್ಣೆ ಜಾರಿಕೊಳ್ಳುತ್ತದೆ. ಹೊರಡುವಾಗಲಾದರೋ ಇದು ಎಂಜಿನಿನ ತಿರುಚುಬಲವನ್ನು ಹೆಚ್ಚುಕಡಮೆ ಎರಡರಷ್ಟು ಮಾಡಿ ಕೊಡುವುದು. ಹೆರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ.

ಎಣ್ಣೆಯ ಹಿಂದೆ ಇರುವ ದಂತಚಕ್ರಗಳ ಏರ್ಪಾಡು ಇನ್ನೂ ರಮ್ಯವಾದುದು. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಎಲ್ಲವನ್ನೂ ಬಳಸಿ ಒಂದು ಬಳೆ. ಇವುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿದರೆ ಒಂದು ವೇಗ, ಮತ್ತೊಂದನ್ನು ನಿಲ್ಲಿಸಿದರೆ ಬೇರೊಂದು ವೇಗ, ಇನ್ನೊಂದನ್ನು ನಿಲ್ಲಿಸಿದರೆ ಹಿಂದುಹಿಂದಕ್ಕೆ ಚಲನೆ. ಹಲ್ಲುಗಳು ಎಂದೂ ಬಿಡಿಸಿಕೊಳ್ಳುವುದಿಲ್ಲವಾದುದರಿಂದ ಬದಲಾವಣೆ ಕುಳಿತವರಿಗೆ ತಿಳಿಯುವುದೇ ಇಲ್ಲ. ಸಾಮಾನ್ಯರಿಗೆ ಮಾರಲ್ಪಟ್ಟ ಇಂಥ ಮೊದಲನೆಯ ಯಶಸ್ವಿಯಾದ ಪೆಟ್ಟಿಗೆ ಜನರಲ್ ಮೋಟರ್ಸ್ ಕಂಪನಿಯ ‘ಹೈಡ್ರಾಮ್ಯಾಟಿಕ್’; 1940ರ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಅದು ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರ ಕೆಲವು ಟ್ಯಾಂಕುಗಳಿಗೂ ಅದನ್ನೇ ಹೂಡಿದರು. ಇಂದು ಆ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಕೈಯಿಂದ ಗೇರು ಹಾಕುವವು ನೂರಕ್ಕೆ ಒಂದೆರಡು ಇದ್ದಾವು.

ಎರಡನೆಯದು ಎರಡು ಶಂಕುರಾಟೆಗಳ ನಡುವೆ ಪಟ್ಟಿಯೊಂದು ಓಡುವ ‘ಸಿವಿಟಿ’. ರಾಟೆಗಳು ಅಗಲವಾಗುತ್ತ ಕಿರಿದಾಗುತ್ತ ಇರುವುದರಿಂದ ಇದಕ್ಕೆ ಗೇರುಗಳ ಮೆಟ್ಟಿಲುಗಳೇ ಇಲ್ಲ. ಹಾಲೆಂಡಿನ ಡಾಫ್ ಕಂಪನಿಯವರು ಇದನ್ನು 1958ರಲ್ಲಿ ಚಿಕ್ಕ ಕಾರಿನಲ್ಲಿ ಪ್ರದರ್ಶಿಸಿದರು. ಊರೊಳಗಿನ ಓಡಾಟಕ್ಕೆ ಬೆಣ್ಣೆಯಂತೆ ನಯ. ಆದರೆ ಜೋರಾಗಿ ತುಳಿದಾಗ ಎಂಜಿನು ಮೊದಲು ಕೂಗಿ ಗಾಡಿ ಆಮೇಲೆ ಓಡುವುದು ಕೆಲವರಿಗೆ ಹಿಡಿಸದು. ಮೂರನೆಯದರಲ್ಲಿ ಎರಡು ಕ್ಲಚ್ಚುಗಳು. ಒಂದು ಬೆಸಸಂಖ್ಯೆಯ ಗೇರುಗಳಿಗೆ, ಇನ್ನೊಂದು ಸರಿಸಂಖ್ಯೆಯವಕ್ಕೆ. ಒಂದು ದುಡಿಯುತ್ತಿರುವಾಗಲೇ ಮತ್ತೊಂದು ಸಿದ್ಧವಾಗಿ ಕಾದಿರುವುದು. 2003ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯವರು ಇದನ್ನು ಮಾರುಕಟ್ಟೆಗೆ ತಂದರು. ಹೆದ್ದಾರಿಯಲ್ಲಿ ಇದರ ಚುರುಕಿಗೆ ಸಮವಿಲ್ಲ. ಆದರೆ ಎಣ್ಣೆಯಿಲ್ಲದ ಒಣ ಕ್ಲಚ್ಚಿನವು ಆಮೆಯ ನಡಗೆಯ ಸಂದಣಿಯಲ್ಲಿ ಬಿಸಿಯೇರುತ್ತವೆ.

ನಾಲ್ಕನೆಯದೇ ನಾನು ಮೊದಲು ಹೇಳಿದ ಅಗ್ಗದ ಉಪಾಯ, ‘ಎಎಂಟಿ’. ಇದು ಹೊಸ ಪೆಟ್ಟಿಗೆಯೇ ಅಲ್ಲ. ಹಳೆಯ ಕೈಗೇರಿನ ಪೆಟ್ಟಿಗೆಯನ್ನೇ ಇಟ್ಟುಕೊಂಡು, ಎಡಗಾಲಿನ ಕೆಲಸವನ್ನೂ ಎಡಗೈಯ ಕೆಲಸವನ್ನೂ ಮಾಡಲು ಯಂತ್ರದ ಆಳುಗಳನ್ನು ನೇಮಿಸಿದಂತೆ. ಆದಕಾರಣ ಬೆಲೆ ಸಾಮಾನ್ಯವಾಗಿ ಅರ್ಧ ಲಕ್ಷ ರೂಪಾಯಿಯ ಆಸುಪಾಸಿನಷ್ಟು ಮಾತ್ರ ಹೆಚ್ಚು. ಉಳಿದ ಮೂರು ಬಗೆಗಳಿಗೆ ಲಕ್ಷ, ಅದಕ್ಕೂ ಮೇಲೆ ತೆರಬೇಕಾಗಬಹುದು. ಪೆಟ್ರೋಲಿನ ವೆಚ್ಚ ಕೈಗೇರಿನಷ್ಟೇ. ದೋಷವೆಂದರೆ ಗೇರು ಬದಲಾಗುವ ಪ್ರತಿಯೊಂದು ಸಲವೂ ಕುಳಿತವರ ತಲೆ ಹೌದೌದೆಂದು ಒಂದು ಸಲ ತೂಗುತ್ತದೆ. ಬಲಗಾಲನ್ನು ಆ ಕ್ಷಣದಲ್ಲಿ ಕೊಂಚ ಸಡಿಲಿಸುವ ಅಭ್ಯಾಸ ಮಾಡಿಕೊಂಡರೆ ಈ ತೂಗಾಟ ಬಹುಮಟ್ಟಿಗೆ ಅಡಗುವುದು.

ಆಟೋಮ್ಯಾಟಿಕ್ ಕಾರು ಪೆಟ್ರೋಲನ್ನು ಕುಡಿದುಬಿಡುತ್ತದೆಂಬ ಮಾತನ್ನು ಹಿರಿಯರು ಈಗಲೂ ಹೇಳುವರು. ಮೂರು ನಾಲ್ಕು ಗೇರುಗಳಿದ್ದು ಎಣ್ಣೆ ಸದಾ ಜಾರುತ್ತಿದ್ದ ಕಾಲದಲ್ಲಿ ಅದು ನಿಜವೇ. ಈಚಿನವುಗಳಲ್ಲಿ ಆರೋ ಎಂಟೋ ಗೇರುಗಳಿದ್ದು, ವೇಗ ಕೂಡಿದಮೇಲೆ ಎಣ್ಣೆಯನ್ನು ಬಿಟ್ಟು ನೇರವಾಗಿ ಬೆಸೆದುಕೊಳ್ಳುವ ಏರ್ಪಾಡಿರುವುದರಿಂದ ಆ ಮಾತಿಗೆ ಹಳೆಯ ಬಲವಿಲ್ಲ.

ಇನ್ನು ಯಾರಿಗೆ ಯಾವುದು? ಬೆಂಗಳೂರಿನ ಸಿಲ್ಕ್ ಬೋರ್ಡಿನ ಬಳಿ ಸಂಜೆಯ ಹೊತ್ತು ಗಾಡಿ ನಡೆಸಿದವರಿಗೆ ಎಡ ಮೊಣಕಾಲಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಮೊಣಕಾಲಿನ ನೋವು ಹೆಚ್ಚಿ ಕ್ಲಚ್ಚನ್ನು ಒತ್ತಲಾರದೆ ಕಾರನ್ನು ಮಾರಿಬಿಟ್ಟರು. ಮಾರಿದಮೇಲೆ ಮನೆಯಾಕೆಯ ಆಸ್ಪತ್ರೆ, ತುಮಕೂರಿನಲ್ಲಿರುವ ಮಗಳ ಮನೆ, ಊರದೇವರ ತೇರು ಎಲ್ಲಕ್ಕೂ ಮತ್ತೊಬ್ಬರನ್ನು ಕಾಯುವ ಸ್ಥಿತಿ ಬಂದಿತು. ಅವರು ದಿನದಿನಕ್ಕೆ ಕುಗ್ಗುತ್ತಿದ್ದುದನ್ನು ನಾವೆಲ್ಲ ಕಂಡೆವು. ಮಗ ಎಎಂಟಿಯ ಸಣ್ಣ ಕಾರೊಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ. ವೈದ್ಯರ ಒಪ್ಪಿಗೆಯನ್ನು ಪಡೆದು, ಹದಿನೈದು ದಿವಸ ಮೈದಾನದಲ್ಲಿ ಅಭ್ಯಾಸಮಾಡಿ, ಈಗ ತಿಂಗಳಿಗೆರಡು ಸಲ ದಂಪತಿಗಳಿಬ್ಬರೇ ತುಮಕೂರಿಗೆ ಹೋಗಿಬರುತ್ತಾರೆ. ‘ಗಂಡಸಾದವನು ಗೇರು ಹಾಕಬೇಕು’ ಎಂದು ಹಾಸ್ಯಮಾಡುವ ತರುಣರು ಇಂಥ ಸಂಗತಿಗಳನ್ನು ಗಮನಿಸುವುದು ಒಳ್ಳೆಯದು.

ಆದರೆ ಇದೇ ಸೌಕರ್ಯದಲ್ಲಿ ಒಂದು ಅಪಾಯವೂ ಅಡಗಿದೆ. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಇಪ್ಪತ್ತು ವರ್ಷ ಗೇರಿನ ಕಾರನ್ನು ನಡೆಸಿ ಪಳಗಿದವರು ಹೊಸ ಆಟೋಮ್ಯಾಟಿಕ್ಕನ್ನು ಅಂಗಳದಿಂದ ಹೊರಕ್ಕೆ ತರುತ್ತಿದ್ದಾಗ ಬ್ರೇಕೆಂದು ಭಾವಿಸಿ ಆಕ್ಸಿಲರೇಟರನ್ನು ಒತ್ತಿದರು. ಕಬ್ಬಿಣದ ಗೇಟು ಮುರಿದು ಬೀದಿಗೆ ಬಿತ್ತು. ಮೊಮ್ಮಗು ದಿನವೂ ಆಡುವ ಜಾಗವದು. ಆ ಹೊತ್ತಿಗೆ ಅದು ಒಳಗೆ ಹಾಲು ಕುಡಿಯುತ್ತಿತ್ತು. ಗೇರಿನ ಕಾರಿನಲ್ಲಿ ಗಾಬರಿಯಾದರೆ ಎಡಗಾಲು ತಾನಾಗಿ ಕ್ಲಚ್ಚನ್ನು ಒತ್ತಿ ಎಂಜಿನನ್ನು ಬೇರ್ಪಡಿಸುತ್ತದೆ, ಅಥವಾ ಗಾಡಿ ಎಗರಿ ನಿಂತುಹೋಗುತ್ತದೆ. ಇದರಲ್ಲಿ ಆ ರಕ್ಷಣೆ ಇಲ್ಲ. ಆದುದರಿಂದ ಎಡಗಾಲನ್ನು ಹಿಂದಕ್ಕೆಳೆದು ನೆಲಕ್ಕೂರಿಬಿಡಬೇಕು. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲೊಂದೇ. ಹಿಡಿಕೆಯನ್ನು ಕದಲಿಸುವ ಮೊದಲು ಬ್ರೇಕಿನ ಮೇಲೆ ಕಾಲಿರಬೇಕು. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕು, ಆಮೇಲೆ ‘ಪಿ’. ಇಲ್ಲದಿದ್ದರೆ ಗಾಡಿಯ ಭಾರವೆಲ್ಲ ಒಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುವುದು. ಎಎಂಟಿ ಕಾರುಗಳಲ್ಲಿ ಸಾಮಾನ್ಯವಾಗಿ ‘ಪಿ’ ಇಲ್ಲವಾದುದರಿಂದ ಅಲ್ಲಿ ಹ್ಯಾಂಡ್‌ಬ್ರೇಕನ್ನು ಮರೆಯಲೇಬಾರದು.

ಘಟ್ಟದ ವಿಷಯವನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವವರು ಹದಿನಾಲ್ಕು ಕಡಿದಾದ ತಿರುವುಗಳನ್ನು ದಾಟಬೇಕು. ಗೇರಿನ ಕಾರಿನವರು ಎರಡನೆಯ ಗೇರಿನಲ್ಲಿಯೋ ಮೊದಲನೆಯದರಲ್ಲಿಯೋ ಇಳಿಯುವರು. ಎಂಜಿನೇ ಗಾಡಿಯನ್ನು ಹಿಡಿದು ನಡೆಸುವುದು. ಆಟೋಮ್ಯಾಟಿಕ್ಕಿನವರಲ್ಲಿ ಅನೇಕರು ‘ಡಿ’ಯಲ್ಲೇ ಬಿಟ್ಟು ಉದ್ದಕ್ಕೂ ಬ್ರೇಕನ್ನು ಒತ್ತುತ್ತ ಬರುತ್ತಾರೆ. ಬ್ರೇಕು ಕಾದು ವಾಸನೆ ಹೊಡೆಯತೊಡಗುವುದು. ಮಿತಿ ಮೀರಿದರೆ ಹಿಡಿಯುವ ಶಕ್ತಿಯೇ ಕುಂದುವುದು. ಹಿಡಿಕೆಯ ಬಳಿ ‘ಎಲ್’, ‘2’, ‘ಎಂ’, ‘ಎಸ್’ ಮುಂತಾದ ಗುರುತುಗಳಲ್ಲಿ ಯಾವುದಾದರೊಂದು ಸಾಮಾನ್ಯವಾಗಿ ಇರುತ್ತದೆ. ಅದು ಅಲಂಕಾರಕ್ಕಲ್ಲ. ಇಳಿಯುವುದಕ್ಕೆ ಮೊದಲೇ ಅದಕ್ಕೆ ಬದಲಾಯಿಸಿಕೊಂಡರೆ ಗೇರಿನ ಕಾರಿನಷ್ಟೇ ನಿರ್ಭಯವಾಗಿ ಇಳಿಯಬಹುದು. ಮಲೆನಾಡಿನ ಹಳ್ಳಿಯಲ್ಲಿದ್ದು ಕೆಸರುದಾರಿಯಲ್ಲೇ ದಿನವೂ ತಿರುಗುವವರಿಗೆ ಮಾತ್ರ ಕೈಗೇರೇ ಮೇಲೆಂದು ನನ್ನ ಅಭಿಪ್ರಾಯ. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಹೊರಡಿಸಬಹುದು. ಆಟೋಮ್ಯಾಟಿಕ್ಕನ್ನು ಹಾಗೆ ತಳ್ಳಿ ಹೊರಡಿಸಲಾಗದು. ಎಣ್ಣೆಯ ಪೆಟ್ಟಿಗೆಯುಳ್ಳ ಗಾಡಿ ಕೆಟ್ಟು ನಿಂತರೆ ಎಳೆಯುವ ಚಕ್ರಗಳನ್ನು ನೆಲಕ್ಕೆ ತಾಗಿಸಿ ಹಗ್ಗ ಕಟ್ಟಿ ಎಳೆಯಲೂ ಬಾರದು. ಎಂಜಿನು ನಿಂತಾಗ ಒಳಗಿನ ಎಣ್ಣೆಯ ಪಂಪೂ ನಿಂತಿರುವುದರಿಂದ ಚಕ್ರಗಳು ಒಣಗಿ ತೇಯುತ್ತವೆ.

ಕಲಿಯುವ ಮಕ್ಕಳು ಯಾವುದರಲ್ಲಿ ಕಲಿಯಬೇಕೆಂದು ತಾಯಂದಿರು ಕೇಳುವುದುಂಟು. ಇಂಗ್ಲೆಂಡಿನಲ್ಲಿ ಆಟೋಮ್ಯಾಟಿಕ್ಕಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಆ ಬಗೆಯ ಕಾರಿಗೆ ಮಾತ್ರ ಪರವಾನಗಿ. ನಮ್ಮಲ್ಲಿ ಗೇರುಳ್ಳದ್ದು, ಗೇರಿಲ್ಲದ್ದು ಎಂಬ ಭೇದ ದ್ವಿಚಕ್ರವಾಹನಗಳಿಗೆ ಉಂಟು. ಮಗಳಾಗಲಿ ಮಗನಾಗಲಿ ಮೊದಲು ಗೇರಿನ ಕಾರಿನಲ್ಲಿ ಕಲಿಯಲಿ. ಅದನ್ನು ಬಲ್ಲವರು ಇದನ್ನು ಒಂದು ವಾರದಲ್ಲಿ ಬಲ್ಲರು, ಇದನ್ನು ಮಾತ್ರ ಬಲ್ಲವರು ಅದರ ಮುಂದೆ ಮತ್ತೆ ಶಿಷ್ಯರಾಗಬೇಕಾಗುವುದು. ಮುಂದೆ ವಿದ್ಯುತ್ತಿನ ಕಾರೇ ಮನೆಗೆ ಬರುವುದಾದರೆ ಈ ಪಾಠದಲ್ಲಿ ಅರ್ಧ ಬೇಕಾಗದು. ಅದರ ಮೋಟಾರಿಗೆ ನಿಂತಲ್ಲಿಂದಲೇ ಪೂರ್ಣಬಲವಿರುವುದರಿಂದ ಬಹುತೇಕ ಕಾರುಗಳಲ್ಲಿ ಬದಲಾಯಿಸತಕ್ಕ ಗೇರುಗಳೇ ಇಲ್ಲ. ಎಡಗಾಲನ್ನು ಹಿಂದಕ್ಕಿಡುವ ನಿಯಮ ಮಾತ್ರ ಅಲ್ಲಿಯೂ ಹಾಗೆಯೇ.

ಕೊಳ್ಳುವ ಮೊದಲು ಅಂಗಡಿಯವರ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಬಂದು ತೃಪ್ತರಾಗಬೇಡಿರಿ. ಮನೆಯ ಹತ್ತಿರದ ಏರೊಂದರ ನಡುವೆ ನಿಲ್ಲಿಸಿ, ಬ್ರೇಕಿನಿಂದ ಕಾಲನ್ನು ತೆಗೆದಾಗ ಗಾಡಿ ಹಿಂದಕ್ಕೆ ಜಾರುತ್ತದೆಯೇ ನೋಡಿರಿ. ಸಂದಣಿಯಲ್ಲಿ ಹತ್ತು ನಿಮಿಷ ತೆವಳಿಸಿರಿ. ಮನೆಯಲ್ಲಿ ಅದನ್ನು ಹೆಚ್ಚಾಗಿ ನಡೆಸತಕ್ಕವರು ಯಾರೋ ಅವರನ್ನೇ ಚಕ್ರದ ಮುಂದೆ ಕೂರಿಸಿರಿ.